ಹೊಳೆ ದಾಟಿದ ದೇವರು

ರಜೆಯ ಭಾನುವಾರ ವಾಸ್ಕೋದ ಕನ್ನಡ ಕುಟುಂಬವೊಂದು ಹಳೆಗೋವೆಯಲ್ಲಿ ಫೆರಿ ಹತ್ತಿ ಮಾಂಡವಿ ನದಿಯ ನಡುವಿನ ದೀವಾರ್ ದ್ವೀಪಕ್ಕೆ ಹೋಯಿತು. ಸುತ್ತಲಿನ ಕೊಂಕಣಿ ಮಾತು ಕೇಳಿ, ಆರನೆಯ ತರಗತಿಯ ಮಗಳು ತನ್ನ ಕನ್ನಡವನ್ನು ಪಿಸುಮಾತಿಗೆ ಇಳಿಸಿದ್ದಳು.

ಗುಡ್ಡದ ಚರ್ಚು, ಗದ್ದೆಬಯಲು, ಹಳೆಯ ಮನೆಗಳನ್ನು ನೋಡುತ್ತ ಅವರು ನಾರ್ವೆಯ ಕೋಟಿತೀರ್ಥ ಪುಷ್ಕರಣಿಯನ್ನು ತಲುಪಿದರು. ಗೋವೆಯ ಕದಂಬರ ಕುಲದೈವ ಸಪ್ತಕೋಟೇಶ್ವರನ ಗುಡಿಯಿದ್ದ ನೆಲವದು. ಆ ಅರಸರು ಕನ್ನಡದಲ್ಲಿಯೂ ಶಾಸನ ಬರೆಯಿಸಿದವರು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಗುಡಿಯನ್ನು ಕೆಡವಿದಾಗ ಲಿಂಗವು ಹೊಳೆಯಾಚೆಗೆ, ಬಿಚೋಲಿಯ ಕಡೆಗೆ ಸಾಗಿತು.

ಮಧ್ಯಾಹ್ನ ಅವರೂ ಅದೇ ಹೊಳೆಯನ್ನು ದಾಟಿ, ಶಿವಾಜಿಯು 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದ ಈಗಿನ ಗುಡಿಯನ್ನು ಕಂಡರು. ಆ ಊರಿನ ಹೆಸರೂ ನಾರ್ವೆಯೇ.

“ಅಪ್ಪಾ, ಜಾಗ ಬಿಟ್ಟು ಬಂದರೂ ದೇವರು ಹೆಸರು ಬಿಡಲಿಲ್ಲ ಅಲ್ಲವೇ?” ಎಂದಳು ಮಗಳು.

“ಬಿಡಲಿಲ್ಲವ್ವಾ. ಬಂದ ಊರೂ ಅವನನ್ನು ತನ್ನವನೆಂದೇ ಇಟ್ಟುಕೊಂಡಿತು” ಎಂದರು, ಗೌಂಡಿ ಕೆಲಸಕ್ಕೆಂದು ಗಡಿ ದಾಟಿ ಬಂದಿದ್ದ ತಂದೆ.

ಮರಳುವಾಗ ಫೆರಿಯಲ್ಲಿ ಅವಳು ತಮ್ಮನಿಗೆ ಆ ಕಥೆಯನ್ನೆಲ್ಲ ಗಟ್ಟಿಯಾದ ಕನ್ನಡದಲ್ಲಿ ಹೇಳಿದಳು. ಇಳಿಯುವಾಗ ಕೈಹಿಡಿದು ದಡಕ್ಕೆ ದಾಟಿಸಿದ ನಾವಿಕನಿಗೆ ಕೊಂಕಣಿಯಲ್ಲಿ, “ದೇವ್ ಬರೆಂ ಕರುಂ” ಎಂದಳು.