ಬನ್ನಿ ಗಿಡದ ಲೆಕ್ಕ ಬೇರೆ

ದಸರಾದಾಗ ಎಲೆ ಕೊಟ್ಟು "ಬಂಗಾರದಂಗ ಇರೋಣ" ಅಂತೀವಲ್ಲ, ಆ ಬನ್ನಿ ಗಿಡವೇ ರಾಜಸ್ಥಾನದ ಖೇಜ್ರಿ. ಅಲ್ಲಿ ಅದು ರಾಜ್ಯದ ಮರ. ನಮ್ಮ ಬಳ್ಳಾರಿ ಜಾಲಿ ಇದರ ದಾಯಾದಿ. ಅಮೆರಿಕ ಖಂಡದಿಂದ ಬಂದದ್ದು. 1940ರಲ್ಲಿ ಜೋಧಪುರದ ಅರಸರು ಅದಕ್ಕೆ ರಾಜಸಸ್ಯ ಅನ್ನೋ ಪಟ್ಟ ಬೇರೆ ಕೊಟ್ಟರು. ಈಗ ಅಲ್ಲಿಯ ರೈತರೂ ನಮ್ಮ ಹಾಗೇ ಅದನ್ನ ಬೈಯುತ್ತಾರೆ.

ನಮ್ಮೂರ ಬಟ್ಟೆ ಅಂಗಡಿ ಸೇಠರು ಫಲೋದಿ ಕಡೆಯವರು. ಅವರ ತಮ್ಮ ಅಲ್ಲಿ ಹೊಲ ನೋಡಿಕೊಂಡಿದ್ದಾರೆ. ಹೋದ ವರ್ಷ ಮೇ ತಿಂಗಳಲ್ಲಿ ಮದುವೆಗೆ ಒಮ್ಮೆ, ಡಿಸೆಂಬರಿನಲ್ಲಿ ಸುಮ್ಮನೆ ಒಮ್ಮೆ ಹೋಗಿದ್ದೆ. ಅದೇ ಊರಲ್ಲಿ 2016ರ ಮೇ 19ರಂದು 51 ಡಿಗ್ರಿ ಬಿಸಿಲು ದಾಖಲಾಗಿತ್ತು. ನಾನು ಹೋದಾಗ ಅಷ್ಟಿರಲಿಲ್ಲ, ಆದರೂ ಹನ್ನೊಂದು ಗಂಟೆ ಮೇಲೆ ಹೊರಗೆ ನಿಲ್ಲೋಕೆ ಆಗ್ತಿರಲಿಲ್ಲ.

ಹೊಲದಲ್ಲಿ ಹುಲ್ಲಿಲ್ಲ, ಸಜ್ಜೆ ದಂಟೂ ಇಲ್ಲ, ಬರೀ ಮರಳು. ಅದರ ನಡುವೆ ಖೇಜ್ರಿ ಹಚ್ಚಗೆ ನಿಂತಿತ್ತು! ಮಳೆ ಬಂದು ಎರಡು ದಿನ ಆಗಿದೆಯೇನೋ ಅನ್ನೋ ಹಾಗೆ. ಬೇರೆ ಗಿಡಗಳು ಮಳೆ ನೋಡಿ ಚಿಗುರುತ್ತವೆ, ಇದು ಬಿಸಿಲಿಗೆ ಚಿಗುರುತ್ತದೆ. ಬೇರು ಬಹಳ ಆಳಕ್ಕೆ ಹೋಗಿರುತ್ತದೆ, ಮೇಲಿನ ಮಣ್ಣಿನ ಹಂಗೇ ಇಲ್ಲ. ಆ ಬಿಸಿಲಲ್ಲೇ ಅದಕ್ಕೆ ಕಾಯಿ. ಎಳೆಕಾಯಿಗೆ ಸಾಂಗ್ರಿ ಅಂತಾರೆ, ಒಣಗಿಸಿ ಇಟ್ಟುಕೊಂಡು ವರ್ಷವೆಲ್ಲ ಪಲ್ಯ ಮಾಡ್ತಾರೆ. ಒಣಗಿದ್ದು ಪೇಟೆಯಲ್ಲಿ ಕಿಲೋ ಸಾವಿರ ರೂಪಾಯಿ ದಾಟುತ್ತೆ, ನೀರಿಲ್ಲ ಗೊಬ್ಬರ ಇಲ್ಲ!

ನೆರಳಲ್ಲಿ ಎರಡು ಚಿಂಕಾರ ನಿಂತಿದ್ದವು. ಎಲೆ, ಕಾಯಿಯ ತೇವದಲ್ಲೇ ಅವು ನೀರು ಕುಡಿಯದೆ ಬಹಳ ದಿನ ತಳ್ಳುತ್ತವಂತೆ. ಬೆಳಗಿನ ಹೊತ್ತು ಸಾಂಡಾ ಅನ್ನೋ ಮುಳ್ಳುಬಾಲದ ಓತಿಗಳು ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತಿದ್ದವು. ಅದು ಸೊಪ್ಪು ತಿನ್ನೋ ಪಾಪದ ಪ್ರಾಣಿ. ಸಂತೆಯಲ್ಲಿ ಅದರ ಎಣ್ಣೆ ಅಂತ ಮಾರೋರನ್ನ ನೋಡಿರಬಹುದು, ದಯವಿಟ್ಟು ಕೊಳ್ಳಬೇಡಿ, ಜೀವಂತ ಹಿಡಿದು ಬೆನ್ನು ಮುರಿದು ತರ್ತಾರೆ.

ಮಳೆ ಜುಲೈಗೆ. ಪಕ್ಕದ ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಕೂಡ ಆಗಲ್ಲ. ಬಂದಷ್ಟರಲ್ಲೇ ಸಜ್ಜೆ, ಮಡಿಕೆ, ಚವಳಿ ಬಿತ್ತುತ್ತಾರೆ, ಎಲ್ಲ ನಮ್ಮ ಬೆಳೆಗಳೇ. ನಾವು ಬದುವಿನ ಮೇಲೂ ಗಿಡ ಬಿಡಲ್ಲ, ಅವರು ಹೊಲದ ನಡುವೆಯೇ ಬಿಟ್ಟು ಟ್ರ್ಯಾಕ್ಟರ್ ಸುತ್ತಿಸಿಕೊಂಡು ಹೋಗ್ತಾರೆ. ಗಿಡದ ಕೆಳಗಿನ ಸಜ್ಜೆಯೇ ಎತ್ತರ ಬರುತ್ತೆ ಅಂದರು ಸೇಠರ ತಮ್ಮ. ಉದುರಿದ ಎಲೆ, ಬೇರಿನ ಸಾರಜನಕ ಎರಡೂ ಅಲ್ಲೇ ಸಿಗ್ತವಲ್ಲ.

ಡಿಸೆಂಬರಿನಲ್ಲಿ ಹೋದಾಗ ಅದೇ ಗಿಡಗಳು ಬೋಳು. ಚಳಿಗಾಲಕ್ಕೆ ಮೊದಲು ಟೊಂಗೆ ಸವರಿ ಎಲೆಯನ್ನ ಆಡು, ಒಂಟೆಗೆ ಹಾಕಿರ್ತಾರೆ. ಹಿಂಗಾರಿ ಬೆಳೆಗೆ ಬಿಸಿಲು ಬೇಕು ಅನ್ನೋ ಹೊತ್ತಿಗೆ ನೆರಳೇ ಇಲ್ಲ. ಓತಿಗಳು ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಂಡು ಒಳಗೆ ಮಲಗಿದ್ದವು. ಪಕ್ಕದ ಖೀಚನ್ ಊರಲ್ಲಿ ಮಧ್ಯ ಏಷ್ಯಾ ಕಡೆಯಿಂದ ಬಂದ ಕುರ್ಜಾ ಕೊಕ್ಕರೆಗಳು, ಸಾವಿರಗಟ್ಟಲೆ. ಊರವರೇ ಅವಕ್ಕೆ ಕಾಳು ಹಾಕ್ತಾರೆ. ನನಗೆ ಹಕ್ಕಿಗಿಂತ ಆ ಕಾಳಿನ ಮೂಟೆಗಳ ರಾಶಿ ನೋಡಿ ಹೆಚ್ಚು ಆಶ್ಚರ್ಯ ಆಯ್ತು.

ಫಲೋದಿಯಿಂದ ಸ್ವಲ್ಪ ದೂರಕ್ಕೇ ಭಡ್ಲಾ ಸೋಲಾರ್ ಪಾರ್ಕ್, 2,245 ಮೆಗಾವ್ಯಾಟ್. ಸೋಲಾರ್ ಬೇಡ ಅನ್ನೋನು ನಾನಲ್ಲ, ನನ್ನ ಪಂಪೇ ಅದರ ಮೇಲೆ ನಡೀತದೆ. ಆದರೆ ಪ್ಯಾನಲ್ ಮೇಲೆ ಎಲೆಯ ನೆರಳೂ ಬೀಳಬಾರದು. ಅದಕ್ಕೇ ಬಿಕಾನೇರ್ ಕಡೆಯೆಲ್ಲ ಖೇಜ್ರಿ ಕಡೀತಿದ್ದಾರೆ, ಜನ ಧರಣಿ ಕೂತಿದ್ದಾರೆ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿ ಊರಲ್ಲಿ ಅಮೃತಾ ದೇವಿ ಮೊದಲಾಗಿ 363 ಬಿಷ್ಣೋಯಿಗಳು ಇದೇ ಗಿಡ ತಬ್ಬಿಕೊಂಡು ಪ್ರಾಣ ಕೊಟ್ಟ ಸೀಮೆ ಅದು. ಕಡಿದ ಒಂದಕ್ಕೆ ಹತ್ತು ಸಸಿ ನೆಡ್ತೀವಿ ಅನ್ನೋ ಮಾತನ್ನ ನಾನು ಒಪ್ಪಲ್ಲ. ಖೇಜ್ರಿ ಬೆಳೆಯೋದು ಬಹಳ ನಿಧಾನ. ಸಸಿ ಗಿಡ ಆಗೋವರೆಗೆ ಮೇ ತಿಂಗಳಲ್ಲಿ ಆಡು, ಚಿಂಕಾರ ಎಲ್ಲಿ ಹೋಗಬೇಕು?

ಇದನ್ನೆಲ್ಲ ಈಗ ಬರೆಯೋಕೆ ಕಾರಣ ಇದೆ. ನಮ್ಮ ಹಳ್ಳದಾಚೆ ಹೊಲಕ್ಕೂ ಒಂದು ಕಂಪನಿ ಗುತ್ತಿಗೆ ಕೇಳಿದೆ. ಆ ಹೊಲದಲ್ಲಿ ಬೋರು ಬತ್ತಿ ನಾಲ್ಕು ವರ್ಷ. ಅಣ್ಣನಿಗೆ ವರ್ಷವರ್ಷ ಬರೋ ದುಡ್ಡು ಬೇಕು, ಅವನ ಮಾತಲ್ಲಿ ತಪ್ಪಿಲ್ಲ, ಎರಡು ಮಕ್ಕಳು ಓದ್ತಿದ್ದಾರೆ. ಆ ಹೊಲದಲ್ಲಿ ಏಳು ಬನ್ನಿ ಗಿಡ ಇವೆ, ಎರಡು ನಮ್ಮ ಅಜ್ಜನಿಗಿಂತ ಹಳೇವು. ಕರಾರು ಪತ್ರ ಮೂರು ಸಲ ಓದಿದೆ, ಗಿಡದ ಮಾತೇ ಇಲ್ಲ. ಕೇಳಿದ್ದಕ್ಕೆ ಬಂದಿದ್ದ ಹುಡುಗ "ಜಮೀನು ಸಮತಟ್ಟು ಮಾಡ್ತೀವಿ ಸಾರ್" ಅಂದ. ಏಳೂ ಗಿಡ ಇರೋ ಬಡಗಣ ಮೂಲೆಯ ಒಂದೆಕರೆ ಬಿಟ್ಟು ಉಳಿದದ್ದು ತಗೊಳ್ಳಿ ಅಂತ ಬರೆದು ಕೊಟ್ಟಿದ್ದೀನಿ. ಉತ್ತರ ಬಂದಿಲ್ಲ. ಹೀಗೆ ಗಿಡ ಉಳಿಸಿಕೊಂಡು ಗುತ್ತಿಗೆ ಕೊಟ್ಟೋರು ಯಾರಾದರೂ ಇದ್ದರೆ ಕರಾರಿನಲ್ಲಿ ಏನಂತ ಬರೆಸಿದಿರಿ, ತಿಳಿಸಿ. ಸೋಮವಾರ ಮತ್ತೆ ಬರ್ತಾರೆ.