ಕೋಡಿಯ ಬುತ್ತಿ

ಕುಂದಾಪುರ ಪೇಟೆಯ ಗಜಿಬಿಜಿಯನ್ನು ಹಿಂದೆ ಬಿಟ್ಟು ಹಿನ್ನೀರಿನ ಸೇತುವೆಯನ್ನು ದಾಟಿದರೆ ಕೋಡಿ. ಒಂದು ಪಕ್ಕದಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕದಲ್ಲಿ ಹೊಳೆ. ನಡುವೆ ತೆಂಗಿನ ಸಾಲುಗಳನ್ನು ಹೊತ್ತ ಮರಳಿನ ಪಟ್ಟಿ. ಐದು ನದಿಗಳ ನೀರು ಪಂಚಗಂಗಾವಳಿ ಎಂಬ ಒಂದೇ ಹೆಸರಿನಲ್ಲಿ ಕಡಲನ್ನು ಸೇರುವುದು ಇಲ್ಲಿಯೇ. ಅಳಿವೆಯ ಆಚೆ ದಡದಲ್ಲಿ ಗಂಗೊಳ್ಳಿ. ಸಂಜೆಯ ಗಾಳಿಗೆಂದು ಬರುವ ಸಂಸಾರಗಳು ದೀಪಸ್ತಂಭವನ್ನು ನೋಡಿ, ಅಲೆತಡೆಗೋಡೆಯ ಮೇಲೆ ಅಡ್ಡಾಡಿ, ಮಕ್ಕಳಿಗೆ ಚುರುಮುರಿ ಕೊಡಿಸಿ, ಸೂರ್ಯ ಮುಳುಗುತ್ತಲೇ ಹಿಂದಿರುಗುತ್ತವೆ. ಅವರ ಕಣ್ಣಿಗೆ ಬೀಳದ ಕೋಡಿಯೊಂದುಂಟು. ಅದು ಏಪ್ರಿಲ್, ಮೇ ತಿಂಗಳುಗಳ ಸುಡುಬಿಸಿಲಿನಲ್ಲಿ ಕಾಯುವ ಅಂಗಳಗಳ ಕೋಡಿ.

ಆ ದಿನಗಳಲ್ಲಿ ಇಲ್ಲಿನ ಗೃಹಿಣಿಗೆ ಬಿಸಿಲೇ ಬಂಡವಾಳ. ಚಾಪೆಯ ಮೇಲೆ ಹಲಸಿನ ಹಪ್ಪಳ, ಬಲೆಯ ತುಂಡಿನ ಮೇಲೆ ಉಪ್ಪು ಹಚ್ಚಿದ ಮೀನು, ಮೊರದಲ್ಲಿ ಸಿಗಡಿ, ಹಳೆಯ ಸೀರೆಯ ಮೇಲೆ ಬ್ಯಾಡಗಿ ಮೆಣಸು. ಕಾಗೆ ಕಾಯುವುದು ರಜೆಯಲ್ಲಿರುವ ಮಕ್ಕಳ ಕೆಲಸ. ಒಳಗೆ ಭರಣಿಯಲ್ಲಿ ಮಾವಿನಕಾಯಿ ಉಪ್ಪುನೀರು ಕುಡಿಯುತ್ತಿರುತ್ತದೆ; ಮಾಡಿನ ಜಂತಿಯಿಂದ ಬಣ್ಣದ ಸೌತೆಕಾಯಿಗಳು ಬಾಳೆನಾರಿನ ಕುಣಿಕೆಗಳಲ್ಲಿ ತೂಗುತ್ತಿರುತ್ತವೆ. ಇದು ವಿಲಾಸವಲ್ಲ, ಲೆಕ್ಕಾಚಾರ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನುಗಳು ಮೊಟ್ಟೆಯಿಡುವ ಕಾಲವೆಂದು ಸರಕಾರದ ನಿಷೇಧ. ಕಡಲನ್ನೇ ನಂಬಿದ ಮನೆಗೆ ಅಷ್ಟು ದಿನ ವರಮಾನವಿಲ್ಲ, ಹಸಿವಿಗೆ ಮಾತ್ರ ರಜೆಯಿಲ್ಲ.

ವಿಧಿಯ ವಿನೋದವೆಂದರೆ ಮಕ್ಕಳ ಕಾಲೇಜಿನ ಶುಲ್ಕ, ಕೋಣೆಯ ಮುಂಗಡ, ಪುಸ್ತಕದ ಖರ್ಚು ಇವೆಲ್ಲ ಬಾಗಿಲು ತಟ್ಟುವುದೂ ಆ ಮಳೆಗಾಲದಲ್ಲಿಯೇ. ಕೋಡಿಯಲ್ಲಿಯೇ ಬ್ಯಾರೀಸ್ ಕಾಲೇಜು ಉಂಟು. ಕುಂದಾಪುರದಲ್ಲಿ 1963ರಲ್ಲಿ ಆರಂಭವಾದ ಭಂಡಾರ್ಕಾರ್ಸ್ ಕಾಲೇಜು ಉಂಟು. ಅಲ್ಲಿ ಓದುವವರಿಗೆ ಮನೆಯೂಟ ತಪ್ಪದು. ಆದರೆ ಮಣಿಪಾಲಕ್ಕೋ, ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೋ, ಬೆಂಗಳೂರಿಗೋ ಹೊರಟವರಿಗೆ ಊಟವೇ ಮೊದಲ ಪಾಠ. ಶುಲ್ಕ ಕಟ್ಟಿ, ಬಾಡಿಗೆ ಕೊಟ್ಟು, ಉಳಿದ ಹಣದಲ್ಲಿ ರಾತ್ರಿಯ ಊಟವನ್ನು ಬಿಟ್ಟು ಬಸ್ಸಿನ ಖರ್ಚು ಹೊಂದಿಸುವ ಹುಡುಗರು ಇಂದಿಗೂ ಇದ್ದಾರೆ. ಅವರು ಅದನ್ನು ಮನೆಗೆ ತಿಳಿಸುವುದಿಲ್ಲ.

ಹಿಂದಿನ ತಲೆಮಾರಿಗೆ ವಾರಾನ್ನವಿತ್ತು. ವಾರದ ಏಳು ದಿನಕ್ಕೆ ಏಳು ಮನೆ. ಸೋಮವಾರ ವಕೀಲರಲ್ಲಿ, ಮಂಗಳವಾರ ಶ್ಯಾನುಭೋಗರಲ್ಲಿ ಎಂದು ಉಂಡು ಓದಿ ದೊಡ್ಡವರಾದವರ ಕಥೆಗಳು ಕನ್ನಡನಾಡಿನ ಮನೆಮನೆಯಲ್ಲಿವೆ. ಉದಾರವಾದ ಪದ್ಧತಿಯೇ ಸರಿ. ಆದರೆ ಆ ಎಲೆ ಬಹುಮಟ್ಟಿಗೆ ಜಾತಿಯ ಗೆರೆಯೊಳಗೇ ಹಾಸುತ್ತಿತ್ತು; ಮೀನುಗಾರರ ಹುಡುಗನಿಗೆ ಏಳು ಮನೆಗಳಿರಲಿ, ಒಂದು ಜಗಲಿ ಸಿಕ್ಕುವುದೂ ಕಷ್ಟವಿತ್ತು. ಅವನಿಗೆ ಇದ್ದದ್ದು ತಾಯಿಯ ಡಬ್ಬಿ.

ಆ ಡಬ್ಬಿಯೊಳಗೆ ಏನಿರುತ್ತದೆಂಬುದನ್ನು ಪೇಟೆಯ ತಾಯಂದಿರೂ ಗಮನಿಸಬಹುದು. ಮೊದಲನೆಯದು ಮಸಾಲೆಪುಡಿ. ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು, ಅರಸಿನ, ಬೆಳ್ಳುಳ್ಳಿ. ಎಲ್ಲವನ್ನೂ ಹದವಾಗಿ ಹುರಿದು ಪುಡಿಮಾಡಿದ್ದು. ಕುಂದಾಪುರದ ಮಸಾಲೆ ಎಂಬ ಹೆಸರಿನಲ್ಲಿ ಈಗ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಇದರಲ್ಲಿ ತೆಂಗಿನಕಾಯಿ ಸೇರದು. ಹಸಿಕಾಯಿ ಸೇರಿದರೆ ಒಂದೇ ದಿನದಲ್ಲಿ ಹಳಸುತ್ತದೆ. ಕಾಯನ್ನು ಕೆಂಪಗೆ ಹುರಿದು, ಹುಣಿಸೆ, ಉಪ್ಪು, ಮೆಣಸಿನೊಡನೆ ನೀರು ಸೋಕದಂತೆ ಪುಡಿಮಾಡಿದ ಚಟ್ನಿ ವಾರಗಟ್ಟಲೆ ಬಾಳುತ್ತದೆ. ಒಣ ಸಿಗಡಿಯ ಚಟ್ನಿಗೂ ಅದೇ ನ್ಯಾಯ. ಉಳಿದಂತೆ ಕುಚ್ಚಲಕ್ಕಿ, ಹುರುಳಿ, ಹಪ್ಪಳ.

ಕುಚ್ಚಲಕ್ಕಿಯನ್ನು ಪೇಟೆಯ ಜನ ದಪ್ಪವೆಂದು ಮೂಗು ಮುರಿಯುವುದುಂಟು. ಭತ್ತವನ್ನು ಸಿಪ್ಪೆಯೊಡನೆಯೇ ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡುವುದರಿಂದ ತವುಡಿನ ಬಿ ಜೀವಸತ್ವದ ಒಂದಂಶ ಕಾಳಿನೊಳಕ್ಕೆ ಇಳಿಯುತ್ತದೆ. ಬೇಯಲು ತಡವಾಗುತ್ತದೆ ಎಂಬುದು ನಿಜವಾದ ದೂರು, ಅನಿಲದ ಬೆಲೆ ತೆರುವವನಿಗೆ ದೊಡ್ಡ ದೂರು. ಅದಕ್ಕೂ ಹಳೆಯ ಉಪಾಯವಿದೆ: ರಾತ್ರಿಯೇ ನೆನೆಹಾಕಿ, ಬೆಳಗ್ಗೆ ಚೆನ್ನಾಗಿ ಕುದಿ ಬಂದ ಮೇಲೆ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿ ಕಂಬಳಿಯಲ್ಲಿ ಸುತ್ತಿಟ್ಟರೆ, ಸ್ನಾನ ಮುಗಿಯುವಷ್ಟರಲ್ಲಿ ಒಳಗಿನ ಶಾಖವೇ ಬಹುಪಾಲು ಬೇಯಿಸಿರುತ್ತದೆ, ಆಮೇಲೆ ಸ್ವಲ್ಪ ಉರಿ ಸಾಕು. ಹುರುಳಿಯನ್ನೂ ಹಾಗೆಯೇ ನೆನೆಸಿ ಬೇಯಿಸಿದರೆ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ತೂಕದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಸಸಾರಜನಕ ತುಂಬಿರುವ ಕಾಳು ಅದು. ಕುದುರೆಯ ಆಹಾರವೆಂದು ಹಳಿದವರಿಗೆ ನಷ್ಟ. ಚಟ್ನಿ ಗಂಜಿಯೊಂದನ್ನೇ ನಂಬಿ ತಿಂಗಳು ದೂಡುವುದು ಮಿತವ್ಯಯವಲ್ಲ, ದೇಹಕ್ಕೆ ಮಾಡುವ ಸಾಲ. ವಾರದಲ್ಲಿ ಎರಡು ಕಟ್ಟು ಬಸಳೆಯೋ ಹರಿವೆಯೋ ಬೇಕೇ ಬೇಕು.

ಇಡೀ ವಾರದ ಅನ್ನವನ್ನು ಭಾನುವಾರವೇ ಬೇಯಿಸಿ ಡಬ್ಬಿಗಳಲ್ಲಿ ತುಂಬಿಡುವ ರೂಢಿ ಪಶ್ಚಿಮ ದೇಶಗಳ ವಿದ್ಯಾರ್ಥಿಗಳಲ್ಲಿದೆ. ಅಲ್ಲಿ ಶೀತಪೆಟ್ಟಿಗೆ ಇದೆ, ನಡೆಯುತ್ತದೆ. ಇಲ್ಲಿನ ಬಾಡಿಗೆಕೋಣೆಯ ಸೆಕೆಯಲ್ಲಿ ಅದು ಅಪಾಯ. ಕುದಿಯಲ್ಲಿಯೂ ಸಾಯದ ಕೆಲವು ಸೂಕ್ಷ್ಮಾಣುಗಳ ಬೀಜಗಳು ಬೆಚ್ಚಗೆ ಉಳಿದ ಅನ್ನದಲ್ಲಿ ಮೊಳೆತು ವಿಷ ಹುಟ್ಟಿಸುತ್ತವೆ. ಮರಳಿ ಕಾಯಿಸಿದರೂ ಆ ವಿಷ ಹೋಗದು. ಕೋಡಿಯ ಹೆಂಗಸರು ಈ ಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರ ಕ್ರಮ ಇದಕ್ಕೆ ಒಪ್ಪುತ್ತದೆ: ಒಣಗಿದ್ದು ತಿಂಗಳಿಗೆ, ನೆನೆಸಿದ್ದು ನಾಳೆಗೆ, ಬೆಂದದ್ದು ಇಂದಿಗೆ.

ಇದೇ ಕರಾವಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮೈಯ ಸೋದರರು 1924ರಲ್ಲಿ ತೆರೆದ ಹೋಟೆಲು ಮುಂದೆ ಎಂಟಿಆರ್ ಎಂದು ಹೆಸರಾಯಿತು. ಆ ಹೆಸರಿನ ಪುಡಿ, ಹಿಟ್ಟುಗಳ ಪೊಟ್ಟಣಗಳು ಇಂದು ಕಡಲಾಚೆಗೂ ಹೋಗುತ್ತವೆ. ಡಬ್ಬಿಯಿಲ್ಲದ ವಿದ್ಯಾರ್ಥಿಗೆ ಪೊಟ್ಟಣ ಆಸರೆಯೇ. ಬೆಲೆಯ ಮಾತು ಬೇರೆ.

ಚೌತಿಯ ಹೊತ್ತಿಗೆ ಮಳೆಯ ಬಿರುಸು ತಗ್ಗಿ, ದೋಣಿಗಳು ಮತ್ತೆ ಕಡಲಿಗಿಳಿದಿರುತ್ತವೆ. ಮಕ್ಕಳು ಖಾಲಿ ಡಬ್ಬಿಗಳೊಡನೆ ಊರಿಗೆ ಬರುತ್ತಾರೆ. ಮಗ ಸೊರಗಿದ್ದಾನೆಯೇ ಎಂದು ಮುಖ ನೋಡುವ ಮೊದಲು ತಾಯಿ ಡಬ್ಬಿಯ ಮುಚ್ಚಳ ತೆರೆಯುತ್ತಾಳೆ. ತಳ ಕಂಡರೆ ಸರಿ. ಪುಡಿ ಉಳಿದಿದ್ದರೆ, ಎಷ್ಟು ರಾತ್ರಿ ಒಲೆ ಹಚ್ಚಲಿಲ್ಲವೆಂದು ಕೇಳುತ್ತಾಳೆ.