ಹುಣ್ಣಿಮೆಗೊಮ್ಮೆ ಪುಸ್ತಕ ಒಯ್ಯುತ್ತಿದ್ದ ಕಣಿವೆ

ಮೈಸೂರಿನ ಇತಿಹಾಸ ಓದುವವರಿಗೆ ಜಾನ್ ಮಾಲ್ಕಂ ಎಂಬ ಹೆಸರು ಹೊಸದಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವನ ರಾಜ್ಯ ಹಂಚಲು ಕೂತ ಕಮಿಷನ್ನಿಗೆ ಇಬ್ಬರು ಕಾರ್ಯದರ್ಶಿಗಳಿದ್ದರು. ಒಬ್ಬ ಥಾಮಸ್ ಮನ್ರೋ, ಇನ್ನೊಬ್ಬ ಈ ಮಾಲ್ಕಂ. ಮುಂದೆ ಮೈಸೂರಿನ ರೆಸಿಡೆಂಟನೂ ಆದ. 1807ರಲ್ಲಿ ಅವನ ಮದುವೆ ನಡೆದದ್ದೂ ಮೈಸೂರಿನಲ್ಲೇ. ಮನ್ರೋ ಹೆಸರೆತ್ತಿದರೆ ನಮ್ಮಲ್ಲಿ ಮಂತ್ರಾಲಯದ ಕಥೆಯಾದರೂ ನೆನಪಾಗುತ್ತದೆ. ಮಾಲ್ಕಂ ಯಾವ ಊರಿನವನು, ಯಾರ ಮಗ ಎಂದು ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ಆ ಪ್ರಶ್ನೆಯ ಜಾಡು ಹಿಡಿದು ಹೋದಾಗ ನನಗೆ ಸಿಕ್ಕಿದ್ದು ವೆಸ್ಟರ್‌ಕರ್ಕ್. ಸಿಕ್ಕ ಮೇಲೆ ಅದು ನನ್ನನ್ನು ಬಿಟ್ಟಿಲ್ಲ.

ವೆಸ್ಟರ್‌ಕರ್ಕ್ ದಕ್ಷಿಣ ಸ್ಕಾಟ್ಲೆಂಡಿನ ಡಮ್‌ಫ್ರೀಸ್ ಸೀಮೆಯ ಒಂದು ಪ್ಯಾರಿಷ್. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ನಡೆದುಕೊಳ್ಳುವ ಅಷ್ಟೂ ಹಳ್ಳಿ, ಹೊಲ, ಗುಡ್ಡಗಳ ಒಂದು ಎಲ್ಲೆ. ಅದರ ಮೇಲ್ತುದಿಯಲ್ಲಿ ಬಿಳಿ ಎಸ್ಕ್, ಕಪ್ಪು ಎಸ್ಕ್ ಎಂಬ ಎರಡು ಹೊಳೆಗಳು ಕೂಡಿ ಒಂದೇ ಎಸ್ಕ್ ಆಗುತ್ತವೆ. ಅಲ್ಲಿಂದ ಹೊಳೆ ಬೆಂಟ್‌ಪಾತ್ ಎಂಬ ಪುಟ್ಟ ಹಳ್ಳಿಯನ್ನು ಹಾದು, ಲ್ಯಾಂಗ್‌ಹೋಮ್ ಪೇಟೆಗೆ ಇಳಿದು, ಇಂಗ್ಲೆಂಡಿನ ಗಡಿ ದಾಟಿ ಸಾಲ್ವೇ ಕೊಲ್ಲಿ ಸೇರುತ್ತದೆ. ಉತ್ತರದಿಂದ ಮೆಗಟ್ ಎಂಬ ಹಳ್ಳ ಬಂದು ಕೂಡಿಕೊಳ್ಳುತ್ತದೆ. ಸುತ್ತ ಮರವಿಲ್ಲದ, ದುಂಡನೆಯ, ಹುಲ್ಲು ಹೊದ್ದ ಗುಡ್ಡಗಳು. ಗುಡ್ಡದ ಮೇಲೆ ಕುರಿ, ಕುರಿಗಳ ನಡುವೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಎತ್ತಿದ ಗೋಡೆ. ಮಳೆಗೆ ಇಲ್ಲಿ ಕಾಲದ ಹಂಗಿಲ್ಲ.

ಪಕ್ಕದ ಎಸ್ಕ್‌ಡೇಲ್‌ಮ್ಯೂರ್ ಮೊದಲು ಇದರದೇ ಭಾಗವಾಗಿತ್ತು, 1703ರಲ್ಲಿ ಬೇರೆಯಾಯಿತು. ಅದರ ಕಥೆಯೇ ಬೇರೆ. ಲಂಡನ್ನಿನ ಕ್ಯೂ ವೀಕ್ಷಣಾಲಯದ ಕಾಂತಮಾಪನಕ್ಕೆ ವಿದ್ಯುತ್ ಟ್ರಾಮುಗಳು ಅಡ್ಡಿ ಮಾಡತೊಡಗಿದಾಗ, ಟ್ರಾಮಿನ ಸುಳಿವೇ ಇಲ್ಲದ ಜಾಗವೆಂದು ಇದನ್ನು ಆರಿಸಿ 1908ರಲ್ಲಿ ಹೊಸ ವೀಕ್ಷಣಾಲಯ ತೆರೆದರು. 1967ರಲ್ಲಿ, ಟಿಬೆಟಿನಿಂದ ತಪ್ಪಿಸಿಕೊಂಡು ಭಾರತದ ಹಾದಿಯಲ್ಲಿ ಬಂದ ಇಬ್ಬರು ಲಾಮಾಗಳು ಅಲ್ಲಿಯೇ ಸಮ್ಯೆ ಲಿಂಗ್ ಮಠ ಸ್ಥಾಪಿಸಿದರು. ಬೈಲಕುಪ್ಪೆ ಕಂಡ ಕನ್ನಡಿಗರಿಗೆ ಆ ಮಠದ ಬಣ್ಣದ ಪತಾಕೆಗಳು ಅಪರಿಚಿತವಾಗಿ ಕಾಣುವುದಿಲ್ಲ.

ನನ್ನ ಮನಸ್ಸು ನೆಟ್ಟದ್ದು ಬೆಂಟ್‌ಪಾತ್ ಸುತ್ತಲಿನ ಕೆಲವೇ ಮೈಲಿಗಳ ಮೇಲೆ. ಮೆಗಟ್ ಹಳ್ಳದ ತಲೆಯಲ್ಲಿರುವ ಗ್ಲೆಂಡಿನಿಂಗ್ ಎಂಬ ಕುರಿಸಾಕಣೆಯ ಜಾಗದಲ್ಲಿ 1757ರ ಆಗಸ್ಟಿನಲ್ಲಿ ಒಬ್ಬ ಕುರುಬನಿಗೆ ಗಂಡು ಮಗು ಹುಟ್ಟಿತು. ನವೆಂಬರಿಗೆ ತಂದೆ ತೀರಿಹೋದ. ತಾಯಿ ಜಾನೆಟ್ ಕೂಸನ್ನೆತ್ತಿಕೊಂಡು ಹಳ್ಳದ ಕೆಳಗಿನ ಇನ್ನೊಂದು ಗುಡಿಸಲಿನ ಅರ್ಧ ಭಾಗಕ್ಕೆ ಬಂದು, ನೆರೆಯವರ ಹಸು ಕರೆದು, ಹುಲ್ಲು ಒಣಹಾಕುವ ಕೂಲಿ ಮಾಡಿ ಮಗನನ್ನು ಸಾಕಿದಳು. ಸದಾ ನಗುತ್ತಿದ್ದ ಆ ಹುಡುಗನನ್ನು ಊರವರು ನಗುವ ಟಾಮ್ ಎಂದು ಕರೆದರು. ಅವನೇ ಥಾಮಸ್ ಟೆಲ್ಫರ್ಡ್: ಕ್ಯಾಲೆಡೋನಿಯನ್ ಕಾಲುವೆ ತೋಡಿಸಿದವನು, 1826ರಲ್ಲಿ ಮೆನೈ ಜಲಸಂಧಿಗೆ ತೂಗುಸೇತುವೆ ಕಟ್ಟಿದವನು, ಬ್ರಿಟನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮೊದಲ ಅಧ್ಯಕ್ಷ.

ಕಲ್ಲುಕುಟಿಗನಾಗಿ ಕೆಲಸ ಕಲಿತ ಈ ಮಗ ತಂದೆಯ ಗೋರಿಗಲ್ಲನ್ನು ತಾನೇ ಕೆತ್ತಿದ. ವೆಸ್ಟರ್‌ಕರ್ಕ್‌ನ ಸ್ಮಶಾನದಲ್ಲಿ ಅದು ಇಂದಿಗೂ ಇದೆ. ಮೂವತ್ತಮೂರು ವರ್ಷ ಕಳಂಕವಿಲ್ಲದೆ ಬಾಳಿದ ಕುರುಬ ಎಂಬ ಅರ್ಥದ ಮಾತು ಅದರ ಮೇಲಿದೆ. ತಾನು ಮುಖವನ್ನೇ ನೆನಪಿಟ್ಟುಕೊಳ್ಳಲಾಗದ ತಂದೆಗೆ ಮಗ ಕೊಟ್ಟದ್ದು ಇಷ್ಟೇ ಬಿರುದು. ಊರು ಬಿಟ್ಟು ದೂರ ಹೋದ ಮೇಲೆ ತಾಯಿಗೆ ಕಾಗದ ಬರೆಯುವಾಗ ಕೂಡಕ್ಷರ ಬಿಟ್ಟು, ಅಚ್ಚಿನ ಅಕ್ಷರದಂತೆ ಒಂದೊಂದನ್ನೂ ಬಿಡಿಬಿಡಿಯಾಗಿ ಬರೆಯುತ್ತಿದ್ದ. ಒಲೆಯ ಮುಂದೆ ಕೂತು ಅವಳು ಯಾರ ನೆರವೂ ಇಲ್ಲದೆ ಓದಿಕೊಳ್ಳಲಿ ಎಂದು. ಟೆಲ್ಫರ್ಡನ ಎಲ್ಲ ಸೇತುವೆಗಳಿಗಿಂತ ನನಗೆ ಆಪ್ತವಾದದ್ದು ಈ ಸಂಗತಿ.

ಕೂಲಿ ಮಾಡುವ ವಿಧವೆಯ ಮಗ ಓದು ಕಲಿತದ್ದು ಹೇಗೆ? ಪ್ರತಿ ಪ್ಯಾರಿಷ್‌ನಲ್ಲೂ ಒಂದು ಶಾಲೆ ಇರಬೇಕು, ಅಲ್ಲಿನ ಜಮೀನ್ದಾರರು ಮೇಷ್ಟರಿಗೆ ಸಂಬಳ ಕೊಡಬೇಕು ಎಂದು ಸ್ಕಾಟ್ಲೆಂಡಿನ ಪಾರ್ಲಿಮೆಂಟು 1696ರಲ್ಲೇ ಕಾನೂನು ಮಾಡಿತ್ತು. ಹೀಗಾಗಿ ಕುರುಬನ ಮಗ, ರೈತನ ಮಗ ಕಲಿತದ್ದು ಒಂದೇ ಶಾಲೆಯಲ್ಲಿ. ಟೆಲ್ಫರ್ಡ್ ಬಿಟ್ಟ ಕೆಲವು ವರ್ಷಗಳ ಮೇಲೆ ಆ ಶಾಲೆಗೆ ಬಂದವನು ನಮ್ಮ ಜಾನ್ ಮಾಲ್ಕಂ. ಎಸ್ಕ್ ದಂಡೆಯ ಬರ್ನ್‌ಫುಟ್ ಎಂಬ ಹೊಲಮನೆಯಲ್ಲಿ 1769ರಲ್ಲಿ ಹುಟ್ಟಿದವನು; ಹದಿನೇಳು ಮಕ್ಕಳ ಮನೆ. ಶಾಲೆಯಲ್ಲಿ ಏನೇ ಕಿತಾಪತಿ ನಡೆದರೂ ಮೇಷ್ಟರು ಆರ್ಚಿಬಾಲ್ಡ್ ಗ್ರಹಾಂ ಜಾನ್‌ನನ್ನು ಜಾಕ್ ಎಂದೇ ಕರೆದು, ಇದರ ಹಿಂದೆ ಇರುವುದು ಜಾಕ್‌ನೇ ಎನ್ನುತ್ತಿದ್ದರಂತೆ. ಎಷ್ಟೋ ವರ್ಷಗಳ ಮೇಲೆ ಮಾಲ್ಕಂ ತನ್ನ ಪರ್ಷಿಯಾ ಇತಿಹಾಸವನ್ನು ಅಚ್ಚು ಹಾಕಿಸಿದಾಗ ಮೇಷ್ಟರಿಗೊಂದು ಪ್ರತಿ ಕಳಿಸಿದ. ಅದರ ಮೇಲೆ ಬರೆದದ್ದು ಅದೇ ಮಾತು.

ತಂದೆ ಯಾವುದೋ ವ್ಯಾಪಾರಕ್ಕೆ ಕೈಹಾಕಿ ನಷ್ಟ ಹೊತ್ತಿದ್ದ. ಮಕ್ಕಳನ್ನು ಬೇಗಬೇಗ ದಾರಿಗೆ ಹಚ್ಚಬೇಕಿತ್ತು. ಲಂಡನ್ನಿನಲ್ಲಿ ವ್ಯಾಪಾರಿಯಾಗಿದ್ದ ಸೋದರಮಾವ ಜಾನ್ ಪಾಸ್ಲಿ ಹುಡುಗನನ್ನು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರ ಮುಂದೆ ನಿಲ್ಲಿಸಿದ. ಹೈದರಾಲಿ ಎದುರಾದರೆ ಏನು ಮಾಡುತ್ತೀಯ ಎಂದು ಅವರು ಕೇಳಿದರು, ಕತ್ತಿ ಹಿರಿದು ತಲೆ ತೆಗೆಯುತ್ತೇನೆ ಎಂದ ಎಂಬ ಕಥೆ ಪ್ರಸಿದ್ಧ. ಮದ್ರಾಸಿನಲ್ಲಿ ಅವನು ಹಡಗಿಳಿದದ್ದು 1783ರ ಏಪ್ರಿಲಿನಲ್ಲಿ. ಹೈದರಾಲಿ ಹಿಂದಿನ ಡಿಸೆಂಬರಿನಲ್ಲೇ ಕಣ್ಣು ಮುಚ್ಚಿದ್ದ. ಆ ಕಣಿವೆಯ ಎಳೆಯ ಹುಡುಗನಿಗೆ ಸಮುದ್ರ ದಾಟುವ ಮೊದಲೇ ನಮ್ಮ ಶ್ರೀರಂಗಪಟ್ಟಣದ ದೊರೆಯ ಹೆಸರು ಗೊತ್ತಿತ್ತು ಎಂಬುದು ನನ್ನನ್ನು ಈಗಲೂ ತಡೆದು ನಿಲ್ಲಿಸುತ್ತದೆ.

ಇಲ್ಲಿನ ನಂಟುಗಳ ಹೆಣಿಗೆ ನೋಡಿ. ಆ ಪಾಸ್ಲಿ ಮನೆತನದವಳೇ ಮಾಲ್ಕಂನ ತಾಯಿ. ಅದೇ ಮನೆತನದ ವಯಸ್ಸಾದ ಹೆಂಗಸೊಬ್ಬಳು ಲ್ಯಾಂಗ್‌ಹೋಮ್‌ನಲ್ಲಿದ್ದಳು. ಕಲ್ಲು ಕಡಿಯುತ್ತಿದ್ದ ಟೆಲ್ಫರ್ಡನಿಗೆ ತನ್ನ ಕಪಾಟಿನ ಪುಸ್ತಕಗಳನ್ನು ಓದಲು ಕೊಟ್ಟವಳು ಅವಳು. ಬೆಂಟ್‌ಪಾತ್ ಬಳಿಯ ವೆಸ್ಟರ್‌ಹಾಲ್ ಜಾನ್‌ಸ್ಟನ್ ಜಮೀನ್ದಾರರದು. ಆ ಮನೆಯ ವಿಲಿಯಂ ಶ್ರೀಮಂತ ಪುಲ್ಟ್‌ನಿ ವಂಶದ ಹೆಣ್ಣನ್ನು ಮದುವೆಯಾಗಿ ಆ ಹೆಸರನ್ನೇ ಇಟ್ಟುಕೊಂಡ. ಊರಿನ ಹುಡುಗ ಎಂದು ಟೆಲ್ಫರ್ಡನನ್ನು ಶ್ರೂಸ್‌ಬರಿಗೆ ಕರೆಸಿ ದೊಡ್ಡ ಕೆಲಸಕ್ಕೆ ಹಚ್ಚಿದವನು ಅವನೇ. ಮಾಲ್ಕಂನ ಅಣ್ಣನೊಬ್ಬನ ಹೆಸರೂ ಪುಲ್ಟ್‌ನಿ. ಆತ ನೌಕಾಪಡೆಯ ಅಡ್ಮಿರಲ್ ಆಗಿ, ನೆಪೋಲಿಯನ್ ಸೆರೆಯಲ್ಲಿದ್ದ ಸೇಂಟ್ ಹೆಲೆನಾದ ಕಾವಲು ಹಡಗುಗಳ ದಳಪತಿಯಾಗಿದ್ದ.

ಊರಿನವರು ಊರಿನವರ ಕೈ ಹಿಡಿದದ್ದನ್ನು ನಾನು ಮೆಚ್ಚುತ್ತೇನೆ. ಆದರೆ ಆ ಕೈಗಳು ಬೇರೆಡೆ ಮಾಡಿದ್ದನ್ನು ಮರೆಸಿ ಹೇಳಲಾರೆ. ಅದೇ ಜಾನ್‌ಸ್ಟನ್ ಅಣ್ಣತಮ್ಮಂದಿರಲ್ಲಿ ಒಬ್ಬ ಅಲೆಕ್ಸಾಂಡರ್. ಗ್ರೆನಡಾ ದ್ವೀಪದಲ್ಲಿ ಗುಲಾಮರು ದುಡಿಯುವ ತೋಟ ಹೊಂದಿ ಅದಕ್ಕೆ ವೆಸ್ಟರ್‌ಹಾಲ್ ಎಂದು ಹೆಸರಿಟ್ಟ. ಇನ್ನೊಬ್ಬ ಜಾನ್, ಬಂಗಾಳದಲ್ಲಿ ಕಂಪನಿಯ ನೌಕರಿಯಲ್ಲಿ ಹಣ ಕೂಡಿಸಿಕೊಂಡು ಮರಳಿದವನು. ಅವನ ಮನೆಯಲ್ಲಿ ಬೆಲ್ ಅಥವಾ ಬೆಲಿಂಡಾ ಎಂದು ಕರೆಯುತ್ತಿದ್ದ ಬಂಗಾಳದ ಗುಲಾಮ ಹೆಣ್ಣೊಬ್ಬಳಿದ್ದಳು. 1771ರಲ್ಲಿ ತಾನು ಹೆತ್ತ ಕೂಸನ್ನು ಕೊಂದಳೆಂಬ ಆರೋಪ ಅವಳ ಮೇಲೆ ಬಂತು. ಪರ್ತ್ ಊರಿನ ನ್ಯಾಯಾಲಯ ಅವಳನ್ನು ಗುಲಾಮಳಾಗಿ ಮಾರಲು ಆದೇಶಿಸಿತು, ಹಡಗು ಅವಳನ್ನು ವರ್ಜೀನಿಯಾಕ್ಕೆ ಒಯ್ದಿತು. ಅವಳ ನಿಜವಾದ ಹೆಸರನ್ನು ಯಾರೂ ಬರೆದಿಡಲಿಲ್ಲ. ವೆಸ್ಟರ್‌ಕರ್ಕ್‌ನ ಸ್ಮಶಾನದಲ್ಲಿ ಜಾನ್‌ಸ್ಟನ್ ಮನೆತನಕ್ಕೆ ಪ್ರಸಿದ್ಧ ವಾಸ್ತುಶಿಲ್ಪಿ ರಾಬರ್ಟ್ ಆಡಂ ರೂಪಿಸಿದ ಗುಮ್ಮಟದ ಸಮಾಧಿ ಮಂದಿರವಿದೆ. ಅದರ ಮುಂದೆ ನಿಂತಾಗ ನನಗೆ ನೆನಪಾದವಳು ಅವಳು.

ಅದೇ ಜಮೀನಿನಲ್ಲಿ, ಟೆಲ್ಫರ್ಡ್ ಹುಟ್ಟಿದ ಗ್ಲೆಂಡಿನಿಂಗ್ ಹತ್ತಿರ, ಆಂಟಿಮನಿ ಅದಿರು ಸಿಕ್ಕಿತು. ಸುರ್ಮಾ ಅರೆಯುವುದು ಈ ಅದಿರಿನಿಂದ. ಅಚ್ಚಿನ ಮೊಳೆಗಳು ಗಟ್ಟಿಯಾಗಿ ನಿಲ್ಲಲು ಸೀಸಕ್ಕೆ ಬೆರೆಸುವುದೂ ಇದನ್ನೇ. ಗಣಿಯವರಿಗಾಗಿ ಜೇಮ್ಸ್‌ಟೌನ್ ಎಂಬ ಪುಟ್ಟ ಹಳ್ಳಿ ಎದ್ದಿತು. 1793ರಲ್ಲಿ ಆ ಗಣಿ ಕೆಲಸಗಾರರು ಸೇರಿ ಒಂದು ಪುಸ್ತಕ ಭಂಡಾರ ಶುರುಮಾಡಿದರು. ಅಕ್ಷರದ ಮೊಳೆಗೆ ಲೋಹ ಅಗೆದವರು ಆ ಮೊಳೆ ಒತ್ತಿದ ಪುಸ್ತಕವನ್ನೂ ತಮ್ಮದಾಗಿಸಿಕೊಂಡರು. ಗಣಿ ಕೆಲವೇ ವರ್ಷಗಳಲ್ಲಿ ನಿಂತಿತು. ಪುಸ್ತಕಗಳು ಕಣಿವೆಯ ಕೆಳಗಿಳಿದು ಬಂದವು. 1834ರಲ್ಲಿ ಟೆಲ್ಫರ್ಡ್ ತೀರಿಕೊಂಡಾಗ ಅವನ ಉಯಿಲಿನಲ್ಲಿ ಈ ಭಂಡಾರಕ್ಕೆ 1,000 ಪೌಂಡ್ ಇತ್ತು, ಲ್ಯಾಂಗ್‌ಹೋಮ್‌ನ ಭಂಡಾರಕ್ಕೂ ಅಷ್ಟೇ.

ಟೆಲ್ಫರ್ಡನ ಜೀವನ ಬರೆದ ಸ್ಯಾಮ್ಯುಯೆಲ್ ಸ್ಮೈಲ್ಸ್ ಇಲ್ಲಿನ ಪದ್ಧತಿಯನ್ನು ವಿವರಿಸಿದ್ದಾನೆ. ಪುಸ್ತಕ ಬದಲಾಯಿಸುವುದು ತಿಂಗಳಿಗೊಮ್ಮೆ, ಹುಣ್ಣಿಮೆಯ ದಿನ. ಅಂದು ರೈತರು, ಕುರುಬರು, ಉಳುವ ಆಳುಗಳು, ಅವರ ಮಕ್ಕಳು ದೂರದೂರದಿಂದ ಬರುತ್ತಿದ್ದರು. ತಿಂಗಳಿಡೀ ಓದಲು ಬೇಕಾದಷ್ಟು ಹೊತ್ತು ಹೋಗುತ್ತಿದ್ದರು. ದಿನವಿಡೀ ಕುರಿಯ ಹಿಂದೆ ಅಲೆದವನಿಗೆ ರಾತ್ರಿ ಗುಡ್ಡದ ದಾರಿ ಕಾಣಬೇಕಲ್ಲ! ಈ ಏರ್ಪಾಡು ಮಾಡಿದವರಿಗೆ ಓದುವವನ ಕಾಲಡಿಯ ನೆಲ ಗೊತ್ತಿತ್ತು. ಓದಿನ ಬಗ್ಗೆ ನಾನು ಕೇಳಿದ ಎಷ್ಟೋ ಭಾಷಣಗಳಲ್ಲಿ ಇಷ್ಟು ವಿವೇಕ ಕಂಡಿಲ್ಲ.

ಕುರುಬನ ಮಗ ಟೆಲ್ಫರ್ಡ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬಿಯಲ್ಲಿ ಮಣ್ಣಾಗಿದ್ದಾನೆ; ರೈತನ ಮಗ ಮಾಲ್ಕಂನ ಪ್ರತಿಮೆಯೂ ಅದೇ ಅಬಿಯಲ್ಲಿದೆ. ಲ್ಯಾಂಗ್‌ಹೋಮ್ ಮೇಲಿನ ವೈಟಾ ಗುಡ್ಡದ ನೆತ್ತಿಯಲ್ಲಿ ಮಾಲ್ಕಂ ನೆನಪಿಗೆ 1835ರಲ್ಲಿ ನಿಲ್ಲಿಸಿದ ನೂರು ಅಡಿಯ ಕಲ್ಲುಕಂಬ ಮೈಲಿಗಟ್ಟಲೆ ದೂರಕ್ಕೂ ಕಾಣುತ್ತದೆ. ಅತ್ತ ಹೋಗುವ ಕನ್ನಡಿಗರು ಮೈಸೂರಿನ ನಂಟು ನೆನೆದು ಆ ಕಂಬವನ್ನು ಹತ್ತಿರದಿಂದ ನೋಡಲಿ, ಆದರೆ ಅಲ್ಲಿಂದಲೇ ಹಿಂದಿರುಗದಿರಲಿ. ಹೊಳೆಯ ಪಕ್ಕದ ರಸ್ತೆ ಹಿಡಿದು ಇನ್ನು ಆರು ಮೈಲು ಮುಂದೆ ಹೋದರೆ ಬೆಂಟ್‌ಪಾತ್. ಗಣಿಯವರು ಕಟ್ಟಿದ ಆ ಪುಸ್ತಕ ಭಂಡಾರ ಅಲ್ಲಿದೆ. ಅದನ್ನು ತಪ್ಪದೆ ನೋಡಲಿ.